ಮೊದಲು ಛೇದ ಸರಿಪಡಿಸಿ, ಕೂಡುವುದು ಆಮೇಲೆ

ಮಾನ್ಯರೇ,

ಪ್ರಥಮ ಪಿಯುಸಿ ಗಣಿತದಲ್ಲಿ, ಛೇದದಲ್ಲಿ ಐ (ಅಂದರೆ √−1) ಇರುವ ಭಿನ್ನರಾಶಿಗಳನ್ನು ಕೂಡಲು ಹೇಳಿದರೆ ಮಕ್ಕಳು ಅಭ್ಯಾಸಬಲದಿಂದ ಲ.ಸಾ.ಅ.ಗೆ ಕೈಹಾಕುತ್ತಾರೆ. ತಪ್ಪುಗಳು ಅಲ್ಲಿಂದಲೇ ಶುರು. ಮೊದಲು ಪ್ರತಿ ಛೇದವನ್ನೂ ಐ ಇಲ್ಲದ ವಾಸ್ತವ ಸಂಖ್ಯೆ ಮಾಡಿಕೊಂಡು, ಆಮೇಲೆ ಕೂಡುವ ಕ್ರಮವನ್ನು ತರಗತಿಯಲ್ಲಿ ರೂಢಿಸಬೇಕು.

2/(3ಐ) + 1/(1+ಐ) ತೆಗೆದುಕೊಳ್ಳಿ. ಐ² = −1 ಆದ್ದರಿಂದ 1/ಐ ಎಂದರೆ −ಐ; ಮೊದಲ ಪದ −2ಐ/3 ಆಯಿತು. ಎರಡನೆಯದರ ಅಂಶ, ಛೇದ ಎರಡನ್ನೂ 1−ಐ ಇಂದ ಗುಣಿಸಿದರೆ (1−ಐ)/2. ಕೂಡಿದರೆ 1/2 − 7ಐ/6. ಇಷ್ಟೇ.

ಲ.ಸಾ.ಅ. ದಾರಿ ತಪ್ಪೇನಲ್ಲ, ಆದರೆ ಅದು (2+5ಐ)/(−3+3ಐ) ಎಂಬಲ್ಲಿಗೆ ತಂದು ನಿಲ್ಲಿಸುತ್ತದೆ. ಇಲ್ಲಿ ಅಂಶ, ಛೇದ ಎರಡನ್ನೂ ಛೇದದ ಸಂಯುಗ್ಮವಾದ −3−3ಐ ಇಂದ ಗುಣಿಸಬೇಕು. ಸಂಯುಗ್ಮದಲ್ಲಿ ಐ ಇರುವ ಭಾಗದ ಚಿಹ್ನೆ ಮಾತ್ರ ಬದಲಾಗಬೇಕು. ಎರಡೂ ಚಿಹ್ನೆ ಬದಲಿಸಿ 3−3ಐ ಇಂದ ಗುಣಿಸಿದರೆ ಛೇದ 18ಐ ಆಗಿ, ಐ ಅಲ್ಲೇ ಕೂತಿರುತ್ತದೆ. ಸಂಯುಗ್ಮ ಸರಿಯಿದ್ದೂ 9+9ರ ಬದಲು 9−9 ಬರೆದರಂತೂ ಛೇದವೇ ಸೊನ್ನೆ! ಒಂಬತ್ತನೇ ತರಗತಿಯಲ್ಲಿ ಛೇದವನ್ನು ಅಕರಣೀಕರಿಸುವಾಗ (ಅದರಲ್ಲಿ ವರ್ಗಮೂಲ ಚಿಹ್ನೆ ಇಲ್ಲದಂತೆ ಮಾಡುವಾಗ) ಬಾಯಿಪಾಠವಾದ ಅ²−ಬ² ಇದಕ್ಕೆ ಕಾರಣ. ಐ²ದ ಋಣ ಚಿಹ್ನೆ ಸೇರಿ ಅದು ಇಲ್ಲಿ ಅ²+ಬ² ಆಗುವುದನ್ನು ಹಲಗೆಯ ಮೇಲೆ ಪೂರ್ತಿ ಬಿಡಿಸಿ ತೋರಿಸಬೇಕು. ಕೊನೆಗೆ (9−21ಐ)/18 ಬಂದಾಗ 9ನ್ನು ಮಾತ್ರ ಹೊಡೆದುಹಾಕಿ 21ನ್ನು ಹಾಗೇ ಬಿಡುವವರೂ ಇದ್ದಾರೆ; ಎರಡೂ ಪದಗಳನ್ನು 18ರಿಂದ ಭಾಗಿಸಲೇಬೇಕು. ತಾಳೆ ನೋಡುವುದೂ ಸುಲಭ: ಉತ್ತರವನ್ನು −3+3ಐ ಇಂದ ಗುಣಿಸಿದರೆ 2+5ಐ ಮರಳಿ ಬರಬೇಕು.

ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದವರೂ, ಭಿನ್ನರಾಶಿ ಕೂಡಲು ಲ.ಸಾ.ಅ. ವಿಧಾನ ಕೊಟ್ಟವರೂ ಒಬ್ಬರೇ: 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು. ಈ ಪಾಠ ಮಾಡುವಾಗ ನಮ್ಮ ಮಕ್ಕಳಿಗೆ ಇದನ್ನೂ ಹೇಳಬೇಕು.

ಮುಂದೆ ಎಲೆಕ್ಟ್ರಿಕಲ್ ಓದುವವರಿಗೆ ಇದು ನಿತ್ಯದ ಲೆಕ್ಕ. ಎಸಿ ಮಂಡಲದಲ್ಲಿ 3 ಓಮ್ ರೋಧಕ್ಕೆ ಸಮಾಂತರವಾಗಿ 4 ಓಮ್ ರಿಯಾಕ್ಟನ್ಸ್ (ಎಸಿಗೆ ಕಾಯಿಲ್ ಒಡ್ಡುವ ತಡೆ) ಇರುವ ಕಾಯಿಲ್ ಇದ್ದರೆ 1/3 + 1/(4ಐ) ಕೂಡಿ ವ್ಯುತ್ಕ್ರಮ ತೆಗೆಯಬೇಕು; ಇಂಪಿಡೆನ್ಸ್, ಅಂದರೆ ಎಸಿಗೆ ಒಟ್ಟು ತಡೆ, 1.92 + 1.44ಐ ಓಮ್ ಬರುತ್ತದೆ. ಅಲ್ಲಿ ಐ ಬದಲು ಜೆ ಬರೆಯುತ್ತಾರೆ, ಕ್ರಮ ಇದೇ.

ಪತ್ರಿಕೆಗಳ ಪರೀಕ್ಷಾ ಪುರವಣಿಗಳು ಇಂಥ ಲೆಕ್ಕಗಳಿಗೆ ಬರೀ ಕೊನೆಯ ಉತ್ತರ ಕೊಡದೆ, ಸಂಯುಗ್ಮದಿಂದ ಗುಣಿಸುವ ಸಾಲನ್ನೂ ಅಚ್ಚು ಹಾಕಲಿ.

– ಪಿಯು ಗಣಿತ ಉಪನ್ಯಾಸಕ, ಹಾವೇರಿ