ಇಪ್ಪತ್ತು ಅಲೆಗಳಲ್ಲಿ ಯಾವುದು ನಿಜ

ಚಿರಂಜೀವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ತಿಳಿಸಿಯೇ ಇರುತ್ತಾಳಾದ್ದರಿಂದ ನಾನು ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರದ ಮೂರನೆಯ ಪುಟದಲ್ಲಿ, ಬೇರೇನನ್ನೋ ಹೇಳುತ್ತ ನಡುವೆ ಸೇರಿಸಿಬಿಟ್ಟ ಒಂದು ಮಾತು ನನ್ನನ್ನು ಎರಡು ರಾತ್ರಿ ಕಾಡಿತು. ತಲೆಯ ಮೇಲೆ ಕಾಂತಕ್ಷೇತ್ರದ ಕಾಯಿಲ್ ಹಿಡಿದು ಮಿದುಳಿಗೆ ಪಲ್ಸ್ ಕೊಟ್ಟು, ಸ್ನಾಯುವಿನಿಂದ ಉತ್ತರವಾಗಿ ಬರುವ ವಿದ್ಯುತ್ ಅಲೆಯನ್ನು ಅಳೆಯುವ ನಿನ್ನ ಕೆಲಸದ ಮಾತು ಅದು. "ಒಬ್ಬನೇ ಮನುಷ್ಯ, ತಲೆಯ ಮೇಲೆ ಒಂದೇ ಜಾಗ, ಒಂದೇ ತೀವ್ರತೆ, ಇಪ್ಪತ್ತು ಪಲ್ಸ್ ಕೊಟ್ಟರೆ ತೊಡೆಯ ಹಿಂಭಾಗದಿಂದ ಇಪ್ಪತ್ತು ಬಗೆಯ ಅಲೆ ಬರುತ್ತದೆ. ಅದರಲ್ಲಿ ಯಾವುದು ನಿಜ? ನಾನು ಅಳೆಯುತ್ತಿರುವುದು ಅವನ ಮಿದುಳನ್ನೋ ನನ್ನ ಕೈಯ ನಡುಕವನ್ನೋ ತಿಳಿಯುತ್ತಿಲ್ಲ ದೊಡ್ಡಮ್ಮ" ಎಂದು ಬರೆದಿದ್ದೀಯೆ. ಉಳಿದ ವಿಷಯಗಳಿಗೆ ಇನ್ನೊಮ್ಮೆ ಉತ್ತರಿಸುತ್ತೇನೆ. ಇವತ್ತು ಇದೊಂದನ್ನೇ ಬರೆಯಲು ಕುಳಿತಿದ್ದೇನೆ.

ಎಲ್ಲವೂ ನಿನ್ನ ಕೈಯ ನಡುಕವಲ್ಲ. ಆ ಕಾಯಿಲನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದರೂ ಅಲೆಗಳು ಒಂದರಂತೆ ಒಂದು ಬರುವುದಿಲ್ಲ. ಒಂದು ಮಿಲಿಸೆಕೆಂಡಿಗೂ ಕಡಿಮೆ ಅವಧಿಯ ಆ ಪಲ್ಸ್ ಮಿದುಳಿನ ಹೊರಪದರವನ್ನು ಮುಟ್ಟಿದಾಗ, ಕೆಳಗೆ ಬೆನ್ನುಹುರಿಗೆ ಇಳಿಯುವ ಜೀವಕೋಶವನ್ನು ಅದು ನೇರವಾಗಿ ಎಬ್ಬಿಸುವುದಕ್ಕಿಂತ ಹೆಚ್ಚಾಗಿ ಅದಕ್ಕೆ ಸುದ್ದಿ ಮುಟ್ಟಿಸುವ ನೆರೆಯ ಕೋಶಗಳನ್ನು ಎಬ್ಬಿಸುತ್ತದೆ. ಆ ಕೋಶಗಳು ಆ ಗಳಿಗೆಯಲ್ಲಿ ಎಷ್ಟು ಸನ್ನದ್ಧವಾಗಿದ್ದವು, ಸ್ನಾಯುವಿಗೆ ಅಪ್ಪಣೆ ಮುಟ್ಟಿಸಲು ಬೆನ್ನುಹುರಿಯಲ್ಲಿ ಕಾದಿರುವ ಮೋಟಾರ್ ನ್ಯೂರಾನುಗಳು ಎಷ್ಟು ಸನ್ನದ್ಧವಾಗಿದ್ದವು ಎಂಬುದು ಕ್ಷಣಕ್ಷಣಕ್ಕೂ ಏರಿಳಿಯುತ್ತಲೇ ಇರುತ್ತದೆ. ಮೇಲಾಗಿ ಸಂಕೇತ ಒಂದೇ ಏಟಿಗೆ ಇಳಿಯದೆ ಕೆಲವು ಮಿಲಿಸೆಕೆಂಡುಗಳೊಳಗೆ ಹಲವು ಕಂತುಗಳಲ್ಲಿ ಇಳಿಯುವುದರಿಂದ, ಸ್ನಾಯುವಿನ ಒಂದು ಘಟಕದ ಏರು ಇನ್ನೊಂದರ ಇಳಿತದ ಮೇಲೆ ಬಿದ್ದು ಎರಡೂ ಅಳಿಸಿಹೋಗುವುದುಂಟು. ಉತ್ತರ ಬರಲು ಬೇಕಾದ ಕನಿಷ್ಠ ತೀವ್ರತೆಯನ್ನು ಗೊತ್ತುಮಾಡಲು ನೀನು ದಿನವೂ ಬಳಸುವ ಥ್ರೆಶೋಲ್ಡಿನ ನಿಯಮವನ್ನೇ ನೋಡು. ಸಡಿಲವಾಗಿರುವ ಸ್ನಾಯುವಿನಲ್ಲಿ ಹತ್ತು ಪಲ್ಸಿಗೆ ಕನಿಷ್ಠ ಐದು ಸಲ 50 ಮೈಕ್ರೋವೋಲ್ಟಿನಷ್ಟು ಉತ್ತರ ಬರಬೇಕು ಎನ್ನುತ್ತದೆ ಅದು. ಅಂದರೆ ನಿಯಮ ಮಾಡಿದವರೇ ಉಳಿದ ಐದು ಸಲ ಬಾರದಿದ್ದರೂ ಸರಿ ಎಂದು ಮೊದಲೇ ಒಪ್ಪಿಕೊಂಡಿದ್ದಾರೆ.

ಇನ್ನೊಂದು ಸಂಗತಿಯಿದೆ. ನಿನಗೆ ಇದನ್ನು ಕಲಿಸಿದವರೆಲ್ಲ ಬಹುಶಃ ಕೈಯ ಸ್ನಾಯುವಿನ ಮೇಲೆ ಕಲಿತವರು. 1980ರಲ್ಲಿ ಮರ್ಟನ್ ಮತ್ತು ಮಾರ್ಟನ್ ಎಂಬ ವಿಜ್ಞಾನಿಗಳು ತಲೆಬುರುಡೆಯ ಮೇಲಿನಿಂದ ವಿದ್ಯುತ್ತನ್ನೇ ಹಾಯಿಸಿದ್ದರು, ಅದು ನೋವಿನ ಕೆಲಸವಾಗಿತ್ತು; 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಕಾಂತಕ್ಷೇತ್ರದಿಂದ ನೋವಿಲ್ಲದೆ ಅದನ್ನು ಮಾಡಿ ತೋರಿಸಿದಾಗಲೂ ಉತ್ತರ ಕೊಟ್ಟದ್ದು ಕೈಯ ಒಂದು ಸಣ್ಣ ಸ್ನಾಯು. ಕೈ ಒಳ್ಳೆಯ ವಿದ್ಯಾರ್ಥಿಯಿದ್ದಂತೆ, ಕರೆದ ಕೂಡಲೇ ಸುಮಾರು 20 ಮಿಲಿಸೆಕೆಂಡಿನಲ್ಲಿ ಎದ್ದು ನಿಲ್ಲುತ್ತದೆ. ಅದರ ಜಾಗ ಮಿದುಳಿನ ಮೇಲ್ಮೈಯಲ್ಲಿ, ಬುರುಡೆಗೆ ಹತ್ತಿರದಲ್ಲಿದೆ. ಕಾಲಿನ ಜಾಗವೋ ಎರಡು ಅರೆಗೋಳಗಳ ನಡುವಿನ ಸೀಳಿನೊಳಗೆ ಇಳಿದು ಕುಳಿತಿದೆ. ಅಲ್ಲಿಗೆ ಮುಟ್ಟಲು ಬಾಗಿದ ಡಬಲ್ ಕೋನ್ ಕಾಯಿಲ್ ಬೇಕು, ಹೆಚ್ಚು ತೀವ್ರತೆ ಬೇಕು, ಒಂದು ಕಾಲನ್ನು ಕರೆದರೆ ಇನ್ನೊಂದೂ ಓಗೊಡುವುದುಂಟು. ಅದರಲ್ಲೂ ತೊಡೆಯ ಹಿಂಭಾಗದ ಸ್ನಾಯುವಾದ ಹ್ಯಾಮ್‌ಸ್ಟ್ರಿಂಗ್ ಸಡಿಲವಾಗಿ ಮಲಗಿದ್ದಾಗ ಎಷ್ಟೋ ಜನರಲ್ಲಿ ಉತ್ತರವನ್ನೇ ಕೊಡದು. ಕೈಯ ಅಚ್ಚುಕಟ್ಟಾದ ಅಲೆಗಳನ್ನು ಪುಸ್ತಕದಲ್ಲಿ ನೋಡಿ ಬಂದವನಿಗೆ ತೊಡೆಯ ಅಲೆಗಳನ್ನು ಕಂಡಾಗ ತನ್ನ ಕೈಯ ಮೇಲೇ ಅನುಮಾನ ಹುಟ್ಟುವುದು ಸಹಜ.

ಇಷ್ಟು ಬರೆದು ನಿಲ್ಲಿಸಿದ್ದರೆ ನಾನು ನಿನಗೆ ಬರಿಯ ಸಮಾಧಾನ ಹೇಳಿದಂತಾಗುತ್ತಿತ್ತು. ಆದರೆ ನಿನ್ನ ಮಾತಿಗೆ ನಾನು ನಿದ್ದೆಗೆಟ್ಟದ್ದು ಬೇರೆ ಕಾರಣಕ್ಕೆ.

ನಾನು ಆ ಕೆಲಸದಲ್ಲಿದ್ದ ಕಾಲದಲ್ಲಿ ಒಬ್ಬಳು ಓಟಗಾರ್ತಿ ಬಂದಿದ್ದಳು. ಎಡ ತೊಡೆಯ ಹಿಂದೆ, ಬೈಸೆಪ್ಸ್ ಫೆಮೊರಿಸ್‌ನ ಉದ್ದನೆಯ ಕವಲಿನಲ್ಲಿ, ಸ್ನಾಯು ಹರಿದು ವಾಸಿಯಾಗಿ ಆರು ತಿಂಗಳಾಗಿತ್ತು. ನೋವಿರಲಿಲ್ಲ, ಆದರೆ ಪೂರ್ತಿ ವೇಗದಲ್ಲಿ ಓಡುವಾಗ ಕಾಲನ್ನು ಮುಂದೆ ಚಾಚಿ ನೆಲಕ್ಕಿಡುವ ಮುಂಚಿನ ಆ ಗಳಿಗೆಯಲ್ಲಿ ಯಾರೋ ಹಿಂದಿನಿಂದ ಹಿಡಿದೆಳೆದಂತಾಗುತ್ತದೆ ಎನ್ನುತ್ತಿದ್ದಳು. ಗಾಯಗೊಂಡ ಸ್ನಾಯುವನ್ನು ಮಿದುಳೇ ತಡೆಹಿಡಿಯುತ್ತದೆ ಎಂಬ ವಿಚಾರ ಆಗಲೇ ನನ್ನ ತಲೆಯಲ್ಲಿ ಕುಳಿತಿತ್ತು. ಅವಳನ್ನು ಬೋರಲು ಮಲಗಿಸಿ, ಮೊಣಕಾಲನ್ನು ತುಸು ಮಡಿಸಿ, ಹಿಮ್ಮಡಿಗೆ ಪಟ್ಟಿ ಕಟ್ಟಿ, ಮೆಲ್ಲಗೆ ಬಿಗಿಹಿಡಿ ಎಂದು ಹೇಳಿ ಪ್ರತಿ ಕಾಲಿಗೆ ಹನ್ನೆರಡು ಪಲ್ಸ್ ಕೊಟ್ಟೆ. ಆಗ ಅಲೆಗಳನ್ನು ಕಾಗದದ ಮೇಲೆ ತೆಗೆದು ಸ್ಕೇಲಿಟ್ಟು ಅಳೆಯುತ್ತಿದ್ದೆವು. ಎಡಗಾಲಿನ ಸರಾಸರಿ ಕಡಿಮೆ ಬಂತು. "ಈ ಕಾಲಿಗೆ ಮಿದುಳಿನಿಂದ ಬರುವ ಕರೆ ಕ್ಷೀಣವಾಗಿದೆಯಮ್ಮ" ಎಂದು ನಾನು ಅವಳಿಗೆ ಹೇಳಿದೆ, ಮುದ್ದಾಂ ಹತ್ತಿರ ಕೂರಿಸಿಕೊಂಡು ಕಾಗದ ತೋರಿಸಿ ಹೇಳಿದೆ. ಅವಳು ಆ ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಅವಳು ಆ ಕಾಲನ್ನು ನಂಬಲಿಲ್ಲವೆಂದೂ, ಓಟವನ್ನೇ ಬಿಟ್ಟಳೆಂದೂ ಕೇಳಿದೆ.

ಎಷ್ಟೋ ವರ್ಷಗಳ ನಂತರ ಹಳೆಯ ಕಾಗದಗಳನ್ನು ವಿಲೇವಾರಿ ಮಾಡುವಾಗ ಅವಳ ಹಾಳೆ ಸಿಕ್ಕಿತು. ಬಲಗಾಲಿನ ಹನ್ನೆರಡು ಅಲೆಗಳಲ್ಲಿ ನಾಲ್ಕು ಸಣ್ಣವಕ್ಕೆ ನನ್ನದೇ ಪೆನ್ಸಿಲ್ಲಿನ ಅಡ್ಡಗೆರೆ ಬಿದ್ದಿತ್ತು, ಪಕ್ಕದಲ್ಲಿ "ಕಾಯಿಲ್ ಜಾರಿತು" ಎಂದು ಬರೆದಿತ್ತು. ಎಡಗಾಲಿನ ಸಣ್ಣ ಅಲೆಗಳಿಗೆ ಒಂದೂ ಗೆರೆಯಿರಲಿಲ್ಲ. ಅಲ್ಲಿ ಸಣ್ಣ ಅಲೆ ಬಂದಾಗ ಕಾಯಿಲ್ ಜಾರಿತೆಂದು ನನಗೆ ಅನ್ನಿಸಿರಲೇ ಇಲ್ಲ, ಏಕೆಂದರೆ ಅಲ್ಲಿ ನಾನು ಸಣ್ಣದನ್ನೇ ಕಾಯುತ್ತಿದ್ದೆ. ಆ ನಾಲ್ಕನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಎರಡು ಕಾಲುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ನನ್ನ ಕೈ ನಡುಗಿರಲಿಲ್ಲ ಮಗು, ಕಾಯಿಲ್ ಹಿಡಿಯುವುದರಲ್ಲಿ ನನ್ನ ಕೈ ಗಟ್ಟಿ ಎಂದೇ ಹೆಸರಿತ್ತು. ತಪ್ಪಿದ್ದು ಪೆನ್ಸಿಲ್ ಹಿಡಿದ ಕೈ. ಆದ್ದರಿಂದ ಇಪ್ಪತ್ತರಲ್ಲಿ ಯಾವುದು ನಿಜ ಎಂದು ನೀನು ಕೇಳಿದಾಗ ನನಗೆ ಹೆದರಿಕೆಯಾದದ್ದು ನಿನ್ನ ಕೈಯ ಬಗ್ಗೆ ಅಲ್ಲ, ಆ ಪ್ರಶ್ನೆಯ ಬಗ್ಗೆ. ಆರಿಸಲು ಹೊರಟವನಿಗೆ ತನಗೆ ಬೇಕಾದದ್ದೇ ನಿಜವಾಗಿ ಕಾಣುತ್ತದೆ.

ಹಾಗೆಂದು ಯಾವುದನ್ನೂ ಬಿಡಬಾರದೆಂದಲ್ಲ. ಪಲ್ಸಿಗೆ ಮೊದಲಿನ 100 ಮಿಲಿಸೆಕೆಂಡಿನಲ್ಲಿ ಸ್ನಾಯು ಎಷ್ಟು ಬಿಗಿಯಾಗಿತ್ತು ಎಂಬುದು ಸ್ನಾಯುವಿನ ವಿದ್ಯುತ್ತನ್ನು ದಾಖಲಿಸುವ ಇಎಂಜಿಯಲ್ಲೇ ಇರುತ್ತದೆ. ಅದು ಇಂತಿಷ್ಟು ಮಿತಿ ಮೀರಿದ್ದರೆ ಬಿಡುತ್ತೇನೆ ಎಂದು ಮೊದಲ ಪಲ್ಸ್ ಕೊಡುವ ಮುಂಚೆಯೇ ಬರೆದಿಟ್ಟುಕೋ, ಎರಡೂ ಕಾಲಿಗೆ ಅದೇ ಮಿತಿ. ಗರಿಷ್ಠ ಬಲದ ಹತ್ತನೆಯ ಒಂದು ಭಾಗದಷ್ಟು ಬಿಗಿಹಿಡಿಸಿ, ಪರದೆಯ ಮೇಲಿನ ಗೆರೆ ನೋಡಿಕೊಂಡು ಅದನ್ನು ಅಲ್ಲೇ ನಿಲ್ಲಿಸುವಂತೆ ಹೇಳಿದರೆ ಅಲೆಗಳೂ ಅಷ್ಟಾಗಿ ಚದುರುವುದಿಲ್ಲ. ಇವೆಲ್ಲ ನಿನಗೆ ಗೊತ್ತಿರುವುದೇ, ಮುದುಕಿಯ ಬಾಯಿಚಪಲವೆಂದು ತಿಳಿದುಕೋ. ಮೂರ್ಛೆಯ ಇತಿಹಾಸ, ತಲೆಯೊಳಗಿನ ಲೋಹ, ಪೇಸ್‌ಮೇಕರ್ ಇವುಗಳ ಬಗ್ಗೆ ನೀನು ವಿಚಾರಿಸಿಯೇ ಇರುತ್ತೀಯೆ, ಕಿವಿಗೆ ಪ್ಲಗ್ ಕೊಡುತ್ತಿದ್ದೀಯೆಂದೂ ನಂಬಿದ್ದೇನೆ.

ನಿನ್ನ ಕೈಯ ಮೇಲಿನ ಅನುಮಾನ ಇಷ್ಟರಿಂದ ಹೋಗುವುದಿಲ್ಲವೆಂದು ನನಗೆ ಗೊತ್ತು. ಹಾಗಿದ್ದರೆ ಅದನ್ನೂ ಅಳೆದುಬಿಡು. ಒಬ್ಬನೇ ಮನುಷ್ಯನಿಗೆ ಒಮ್ಮೆ ಕಾಯಿಲನ್ನು ಸ್ಟ್ಯಾಂಡಿಗೆ ಬಿಗಿದು, ಒಮ್ಮೆ ಕೈಯಲ್ಲಿ ಹಿಡಿದು, ಇನ್ನೊಮ್ಮೆ ಬೇಕೆಂದೇ ಅರ್ಧ ಸೆಂಟಿಮೀಟರ್ ಸರಿಸಿ ಇಪ್ಪತ್ತಿಪ್ಪತ್ತು ಪಲ್ಸ್ ಕೊಡು. ಸ್ಟ್ಯಾಂಡಿನ ಅಲೆಗಳು ಚದುರಿದಷ್ಟೇ ಕೈಯವೂ ಚದುರಿದರೆ ನಿನ್ನ ನಡುಕದ ಪಾಲು ಎಷ್ಟು ಸಣ್ಣದೆಂದು ನಿನಗೇ ತಿಳಿಯುತ್ತದೆ. ಹೆಚ್ಚು ಚದುರಿದರೆ ಅದೂ ತಿಳಿದಂತಾಯಿತು, ಸ್ಟ್ಯಾಂಡ್ ಬಳಸಿದರಾಯಿತು, ಅದರಲ್ಲಿ ಅವಮಾನವೇನಿಲ್ಲ. ಅವನನ್ನೇ ಬೇರೊಂದು ದಿನ ಕರೆಸಿ ಮತ್ತೆ ಅಳೆದರೆ ಇನ್ನೂ ಒಳ್ಳೆಯದು. ನಾನು ಆ ಹುಡುಗಿಯನ್ನು ಎರಡನೆಯ ದಿನ ಕರೆಸಲಿಲ್ಲ.

ಕೈ ಗಟ್ಟಿಯಿದ್ದು, ಒಂದು ಅಲೆಯನ್ನೂ ಹೊಡೆದುಹಾಕದಿದ್ದರೂ, ಬಂದದ್ದೆಲ್ಲ ಮಿದುಳಿನದೇ ಎನ್ನಲಾಗುವುದಿಲ್ಲ. ಆ ಅಲೆ ಮಿದುಳು, ಬೆನ್ನುಹುರಿ, ನರ, ಸ್ನಾಯು ಎಲ್ಲ ಸೇರಿ ಕೊಟ್ಟ ಉತ್ತರ. ಸ್ನಾಯುವಿನ ಪಾಲನ್ನು ಕಳೆಯಲು ನರಕ್ಕೇ ವಿದ್ಯುತ್ ಕೊಟ್ಟು ಗರಿಷ್ಠ ಎಂ-ಅಲೆಯನ್ನು, ಅಂದರೆ ಮಿದುಳಿನ ಪಾಲಿಲ್ಲದೆ ಆ ಸ್ನಾಯು ಕೊಡಬಲ್ಲ ಅತಿ ದೊಡ್ಡ ಉತ್ತರವನ್ನು, ತೆಗೆದು ಅದಕ್ಕೆ ಹೋಲಿಸುತ್ತಾರೆ. ಆದರೆ ತೊಡೆಯ ಹಿಂಭಾಗಕ್ಕೆ ಹೋಗುವ ಸಯಾಟಿಕ್ ನರ ಪೃಷ್ಠದ ದಪ್ಪ ಸ್ನಾಯುವಿನ ಅಡಿಯಲ್ಲಿ ಹುದುಗಿರುವುದರಿಂದ ಮಲಗಿದವನಿಗೆ ಅದು ಸುಖದ ಕೆಲಸವಲ್ಲ, ಗರಿಷ್ಠ ಮುಟ್ಟಿತೆಂಬ ಖಾತರಿಯೂ ಸುಲಭವಲ್ಲ. ಇಲೆಕ್ಟ್ರೋಡ್ ತುಸು ಒಳಬದಿಗೆ ಸರಿದರೆ ಪಕ್ಕದ ಸ್ನಾಯುವಾದ ಅಡಕ್ಟರ್ ಮ್ಯಾಗ್ನಸ್‌ನ ಧ್ವನಿಯೂ ಸೇರಿಕೊಳ್ಳುತ್ತದೆ. ಆದ್ದರಿಂದ ಮಲಗಿದವನು ಎದ್ದು ಕುಳಿತು "ಏನು ಕಂಡಿತು?" ಎಂದು ಕೇಳಿದಾಗ, ಕೇಳಿಯೇ ಕೇಳುತ್ತಾನೆ, ಇವತ್ತಿನ ಅಲೆಗಳಿಂದ ಒಬ್ಬರ ಕಾಲಿನ ಬಗ್ಗೆ ತೀರ್ಪು ಹೇಳಲಾಗದು ಎಂದುಬಿಡು. ಅಷ್ಟು ಹೇಳಲು ನನಗೆ ಆಗ ನಾಲಿಗೆ ಬರಲಿಲ್ಲ.

ಮುಂದಿನ ಸಲ ಬರೆಯುವಾಗ ಆ ಇಪ್ಪತ್ತು ಅಲೆಗಳನ್ನೂ ಕಳುಹಿಸು, ನೀನು ಬಿಡಬೇಕೆಂದಿರುವವನ್ನೂ ಸೇರಿಸಿ. ಯಾವ ಕಾಲಿನವು ಎಂದು ಬರೆಯಬೇಡ. ಸಣ್ಣ ಗೆರೆಗಳು ನನಗೆ ಈಗ ಕಾಣುವುದಿಲ್ಲ, ಸ್ವಲ್ಪ ದೊಡ್ಡದಾಗಿ ಮುದ್ರಿಸು.

ಇತಿ,
ನಿನ್ನ ದೊಡ್ಡಮ್ಮ