ಕೊಪ್ಪದ ಮನೆಯಿಂದ, ವೈವಾ ಮುಗಿಸಿ

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಕೊಪ್ಪಕ್ಕೆ ಬಂದು ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡಿದ್ದು ಮಂಗನ ಕಾಯಿಲೆಯ ವೈರಸ್ ಮೇಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ. ಉಣುಗು ಕಚ್ಚಿ ಬರುವ ಈ ಜ್ವರ ನಮ್ಮ ಕಡೆಯವರಿಗೆ ಹೊಸದಲ್ಲ. ಈ ವೈರಸ್ಸಿನ ಜೀನೋಮ್, ಅಂದರೆ ಅದರ ಇಡೀ ಆನುವಂಶಿಕ ಬರಹ, ಸುಮಾರು 11,000 ಅಕ್ಷರಗಳ ಒಂಟಿ ಎಳೆಯ ಆರ್‌ಎನ್‌ಎ. ಆ ಎಳೆ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಅದರ ಅಕ್ಷರಗಳು ನಾಲ್ಕೇ: ಎ, ಯು, ಜಿ, ಸಿ. ಎ ಜೊತೆ ಯು, ಜಿ ಜೊತೆ ಸಿ ಜೋಡಿಯಾಗುತ್ತವೆ. ಕೆಲವು ಮಡಿಕೆ ಇಲ್ಲದಿದ್ದರೆ ವೈರಸ್ಸಿಗೆ ತನ್ನ ನಕಲು ಮಾಡಿಕೊಳ್ಳುವುದಕ್ಕೇ ಆಗುವುದಿಲ್ಲ. ಅಂಥವನ್ನು ಕಂಪ್ಯೂಟರಿನಲ್ಲಿ ಹುಡುಕಿದೆ.

ಮೊದಲ ಥ್ಯಾಂಕ್ಸ್ ನನ್ನ ಗೈಡ್‌ಗೆ. ಎರಡನೇ ವರ್ಷ ಚೆಂದದ ಮಡಿಕೆಗಳ ಚಿತ್ರ ಹಿಡಿದು ಅವರ ಮುಂದೆ ನಿಂತಿದ್ದೆ. "ಅಕ್ಷರಗಳನ್ನು ಕಲಸಿ ಇನ್ನೊಮ್ಮೆ ಓಡಿಸು" ಅಂದರು. ಕಲಸಿದವೂ ಹೆಚ್ಚುಕಡಿಮೆ ಅಷ್ಟೇ ಗಟ್ಟಿಯಾಗಿ ಮಡಚಿಕೊಂಡವು! ಎಂಟು ತಿಂಗಳ ಕೆಲಸ ಹೋಯಿತು. ಬಸ್ಸಿನಲ್ಲಿ ಅಳುತ್ತಲೇ ಊರಿಗೆ ಬಂದೆ.

ಯಾವ ಆರ್‌ಎನ್‌ಎ ಆದರೂ ಹೇಗೋ ಮಡಚಿಕೊಳ್ಳುತ್ತದೆ. ವೈರಸ್ಸಿಗೆ ಬೇಕಾದ ಮಡಿಕೆ ಯಾವುದು ಅಂತ ತಿಳಿಯಬೇಕಾದರೆ ಅದರ ನೆಂಟರನ್ನು, ಅಂದರೆ ಅದೇ ಕುಲದ ಬೇರೆ ವೈರಸ್ಸುಗಳನ್ನು ಕೇಳಬೇಕು. ಎಲ್ಲರ ಅಕ್ಷರಗಳನ್ನು ಸಾಲಾಗಿ ಇಟ್ಟು ನೋಡಬೇಕು. ಒಂದರಲ್ಲಿ ಜಿ-ಸಿ ಇದ್ದ ಕಡೆ ಇನ್ನೊಂದರಲ್ಲಿ ಎ-ಯು ಇದೆ ಅನ್ನಿ. ಅಕ್ಷರ ಎರಡೂ ಬದಲಾಗಿವೆ, ಜೋಡಿ ಉಳಿದಿದೆ. ಒಂದೇ ಮಡಿಕೆಯಲ್ಲಿ ಮತ್ತೆ ಮತ್ತೆ ಹೀಗೆ ಕಂಡರೆ ಅದು ಸುಮ್ನೆ ಆಗಿದ್ದಲ್ಲ, ಅಲ್ವಾ? ಸೌದಿ ಅರೇಬಿಯಾದ ಅಲ್‌ಖುಮ್ರಾ ವೈರಸ್ ತೀರಾ ಹತ್ತಿರದ ನೆಂಟ. ಅಕ್ಷರಗಳೇ ಜಾಸ್ತಿ ಬದಲಾಗಿಲ್ಲ, ಹಾಗಾಗಿ ಅದು ಹೇಳಿದ್ದು ಕಡಿಮೆ. ಸೈಬೀರಿಯಾದ ಓಮ್ಸ್ಕ್ ಜ್ವರದ ವೈರಸ್ಸಿನಂಥ ದೂರದವರೇ ನನಗೆ ಸಾಕ್ಷಿ ಹೇಳಿದ್ದು.

ಈ ಲೆಕ್ಕ ಹಾಕುವ ಆರ್‌ಎನ್‌ಎ-ಅಲಿಫೋಲ್ಡ್ ಅನ್ನುವ ಸಾಫ್ಟ್‌ವೇರನ್ನು ಬಿಟ್ಟಿಯಾಗಿ ಕೊಟ್ಟ ವಿಯೆನ್ನಾದ ವಿಜ್ಞಾನಿಗಳಿಗೆ, ವೈರಸ್ಸಿನ ಅಕ್ಷರಗಳನ್ನು ಜೀನ್‌ಬ್ಯಾಂಕ್ ಅನ್ನುವ, ಯಾರು ಬೇಕಾದರೂ ನೋಡಬಹುದಾದ ಸಂಗ್ರಹಕ್ಕೆ ಹಾಕಿದ ಎಲ್ಲರಿಗೂ ಕೈ ಮುಗಿಯುತ್ತೇನೆ. ಮಳೆಗಾಲದಲ್ಲಿ ಮೂರು ಮೂರು ದಿನ ಕರೆಂಟ್ ಹೋದಾಗ ಜನರೇಟರ್ ಹಾಕಿಕೊಟ್ಟ ಪಕ್ಕದ ತೋಟದ ಮನೆಯವರಿಗೂ. ಅಮ್ಮನಿಗೆ ಇಲ್ಲಿ ಬರೆಯಲಾರೆ, ಎದುರಿಗೇ ಹೇಳುತ್ತೇನೆ.

ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕ ನಿನ್ನೆ ಬಂದಿದ್ದರು. ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿಗಳು ಅವರ ಚೀಲದಲ್ಲಿದ್ದವು. "ಔಷಧಿ ಸಿಕ್ತಾ?" ಅಂತ ಕೇಳಿದರು. ಇಲ್ಲ ಅಕ್ಕ, ಎಲ್ಲಿ ಹುಡುಕಬಹುದು ಅನ್ನುವುದು ಸ್ವಲ್ಪ ಗೊತ್ತಾಗಿದೆ, ಅದೂ ಲ್ಯಾಬಿನಲ್ಲಿ ಪರೀಕ್ಷೆ ಆಗಬೇಕು ಅಂದೆ. "ಸರಿ, ಮುಂದುವರಿಸು" ಎಂದು ಬೆನ್ನು ತಟ್ಟಿ, ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ಹೊರಟರು. ಅಕ್ಕ, ನಿಮಗೆ ಎಲ್ಲರಿಗಿಂತ ದೊಡ್ಡ ಥ್ಯಾಂಕ್ಸ್.