ಈಜುಕೊಳಕ್ಕೆ ಬರೀ ಕ್ಲೋರಿನ್ ಸಾಲದು

ಮಾನ್ಯರೇ,

ಬೆಂಗಳೂರಿನ ಎಷ್ಟೋ ಮನೆಗಳ ಈಜುಕೊಳಕ್ಕೆ ಬೋರ್‌ವೆಲ್ ನೀರೇ ಗತಿ. ಈ ಗಡಸು ನೀರು ಹಸಿರು ತಿರುಗಿದ ಕೂಡಲೇ ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ಅದರಿಂದ ಸುಣ್ಣದಂಶ ಇನ್ನೂ ಹೆಚ್ಚಿ ಟೈಲ್ಸ್ ಮೇಲೆ ಬಿಳಿ ಪದರ ಕಟ್ಟುತ್ತದೆ. ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂದು ತೋರಿಸುವ ಅಳತೆ) 8 ದಾಟಿದರೆ ಹಾಕಿದ ಕ್ಲೋರಿನ್‌ನಲ್ಲಿ ಹೆಚ್ಚಿನ ಪಾಲು ದುರ್ಬಲ ರೂಪಕ್ಕೆ ತಿರುಗಿ, ಪಾಚಿ ಹಾಗೇ ಉಳಿಯುತ್ತದೆ.

ಮೊದಲು ನೋಡಬೇಕಾದ್ದು ಕ್ಷಾರೀಯತೆ, ಅಂದರೆ ಆಸಿಡ್ ಬಿದ್ದರೂ ಪಿಎಚ್ ಸುಲಭವಾಗಿ ಇಳಿಯದಂತೆ ತಡೆಯುವ ನೀರಿನ ಗುಣ. ಅದು 80ರಿಂದ 120 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಪಿಎಚ್ 7.2ರಿಂದ 7.6 ಇದ್ದರೆ ಸರಿ. ಕ್ಷಾರೀಯತೆ ಹೆಚ್ಚಿದ್ದರೆ ಇಂದು ಇಳಿಸಿದ ಪಿಎಚ್ ಕೆಲವೇ ದಿನಗಳಲ್ಲಿ ಮತ್ತೆ ಏರುತ್ತದೆ. 50 ಸಾವಿರ ಲೀಟರಿನ ಕೊಳಕ್ಕೆ ಶೇ 33ರ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಲೀಟರ್ ಹಾಕಿದರೆ ಕ್ಷಾರೀಯತೆ ಸುಮಾರು 10 ಪಿಪಿಎಂ ಇಳಿಯುತ್ತದೆ. ಒಂದೇ ಸಲಕ್ಕೆ ಅದಕ್ಕಿಂತ ಹೆಚ್ಚು ಬೇಡ. ಪಂಪ್ ಓಡುತ್ತಿರುವಾಗ, ಪ್ಲಾಸ್ಟಿಕ್ ಬಕೆಟ್‌ನ ನೀರಿಗೆ ಆಸಿಡ್ ಬೆರೆಸಿ (ಆಸಿಡ್‌ಗೆ ನೀರು ಹಾಕುವುದು ಅಪಾಯ) ಆಳದ ಕಡೆ ನಿಧಾನವಾಗಿ ಹೊಯ್ಯಿರಿ. ಆರು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ. ಪಿಎಚ್ 7.2ಕ್ಕೆ ಬಂದರೆ ಆಸಿಡ್ ನಿಲ್ಲಿಸಿ, ನೀರು ಒಳಬರುವ ನಳಿಕೆಗಳನ್ನು ಮೇಲ್ಮುಖವಾಗಿ ತಿರುಗಿಸಿ ನೀರು ಕಲಕುವಂತೆ ಮಾಡಿ. ಇಂಗಾಲದ ಡೈಆಕ್ಸೈಡ್ ಹೊರಹೋಗಿ ಪಿಎಚ್ ಮಾತ್ರ ಏರುತ್ತದೆ, ಕ್ಷಾರೀಯತೆ ಏರುವುದಿಲ್ಲ.

ಮಳೆನೀರು ತುಂಬಿಸಿದ ಕೊಳದ ಕಥೆ ಉಲ್ಟಾ, ಕ್ಷಾರೀಯತೆ ತೀರಾ ಕಡಿಮೆ. ಅಲ್ಲಿ 10 ಸಾವಿರ ಲೀಟರಿಗೆ 170 ಗ್ರಾಂ ಅಡುಗೆ ಸೋಡಾ ಹಾಕಿದರೆ 10 ಪಿಪಿಎಂ ಏರುತ್ತದೆ.

ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಎರಡನ್ನೂ ಒಂದೇ ಕೋಣೆಯಲ್ಲಿ ಇಡಬೇಡಿ. ಕೊಳ ನೋಡಿಕೊಳ್ಳುವ ಕೆಲಸಗಾರರಿಗೆ ಕೈಗವಸು, ಕನ್ನಡಕ ಕೊಡಿಸಿ.

– ಓದುಗ, ಬೆಂಗಳೂರು